ಟವೆಲ್ಲು ಹೊದಿಸಿದ ಕಾಲು

ನನ್ನ ಹೊಟ್ಟೆಪಾಡು ನಡೆಯುವುದು ಮಂದಿಯ ಕಾಲಿನಿಂದ. ನಿಲಂಗಾದ ಒಂದು ಸಣ್ಣ ಧರ್ಮಾರ್ಥ ದವಾಖಾನೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಲಕ್ವಾ ಹೊಡೆದವರು, ಮೊಣಕಾಲು ಸವೆದವರು, ಬೈಕಿನಿಂದ ಬಿದ್ದು ಎಲುಬು ಮುರಿದುಕೊಂಡವರು, ಇವರನ್ನೆಲ್ಲ ಮತ್ತೆ ಎದ್ದು ಅಡ್ಡಾಡುವ ಹಾಗೆ ಮಾಡುವುದು ನನ್ನ ಕೆಲಸ. ಜನ ಮಾತ್ರ ನನ್ನನ್ನು "ಮಾಲೀಶ್ ಮ್ಯಾಡಂ" ಅನ್ನುತ್ತಿದ್ದರು. ಅಷ್ಟು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದೆಲ್ಲ ಕಡೆಗೆ ಬಂದು ಮಾಲೀಶಿಗೆ ನಿಂತಿತ್ತು. ಮೊದಮೊದಲು ಜಗಳಾಡುತ್ತಿದ್ದೆ. ಆಮೇಲೆ ಬಾಯಿ ನೋಯಿಸಿಕೊಳ್ಳುವುದನ್ನು ಬಿಟ್ಟೆ.

ನಾನು ಅಯ್ಯನವರ ಮನೆಯ ಮಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಫಜೀತಿಯೆಲ್ಲ ಹುಟ್ಟಿದ್ದು ಇದರಿಂದಲೇ. ನಮ್ಮ ಮನೆ ಮರಾಠಿ ಸೀಮೆಯ ಅಂಚಿನ ಉಮರ್ಗಾದಲ್ಲಿ. ಇತ್ತ ಯೆಣೆಗೂರು, ಅತ್ತ ನಿಲಂಗಾದ ತನಕ ಸುತ್ತಲಿನ ಹಳ್ಳಿಗಳ ಲಿಂಗವಂತ ಒಕ್ಕಲು ಮನೆಗಳಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಯಾರಾದರೂ ತೀರಿಕೊಂಡಿರಲಿ, ಅಪ್ಪ ಹೋಗಲೇಬೇಕು. ಅಪ್ಪ ಹೋದ ಕೂಡಲೇ ಮಣೆಯ ಮೇಲೆ ಕೂಡಿಸಿ, ತಾಟಿನಲ್ಲಿ ಅವರ ಪಾದವಿಟ್ಟು ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು, ಮನೆಮಂದಿಯೆಲ್ಲ ಸಾಲಾಗಿ ಅಡ್ಡಬೀಳುತ್ತಾರೆ. ನಮ್ಮ ಅಜ್ಜನಿಗೂ ಹಾಗೆಯೇ ಮಾಡಿದ್ದರು, ಅವರ ಅಪ್ಪನಿಗೂ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗಿ ಮಂದಿಯ ಕಾಲು ಹಿಡಿಯುವ ವಿದ್ಯೆ ಕಲಿತು ಬಂದಳು.

ಅಪ್ಪನಿಗೇನೂ ಬೇಸರವಾಗಲಿಲ್ಲ. ಅವರಿಗೆ ಅದೊಂದು ಚೇಷ್ಟೆಯ ಮಾತಾಯಿತು ಅಷ್ಟೇ.

"ಊರ ಮಂದಿ ನನ್ನ ಕಾಲ ತೊಳೀತಾರ, ನೀ ಊರ ಮಂದಿ ಕಾಲ ತಿಕ್ಕತಿ. ಹಿಸಾಬ ಬರೋಬ್ಬರಿ ಆತ ನೋಡು," ಎಂದು ಬಂದವರೆದುರಿಗೆಲ್ಲ ಹೇಳಿ ನಗುತ್ತಿದ್ದರು.

ಬೇಸರವಾದದ್ದು ಕಾಲಿನವರಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಲಂಗಾ ಹತ್ತಿರದ ಹಳ್ಳಿಯ ಒಬ್ಬ ಮುದುಕಿ ಬಂದಳು. ಲಕ್ವಾ ಹೊಡೆದು ಬಲಗಾಲು ಎಳೆಯುತ್ತಿದ್ದಳು, ಮುಂಗಾಲು ಕೆಳಗೆ ಜೋತುಬಿದ್ದಿತ್ತು. ನಾನು ಯಾರ ಮಗಳು ಎಂದು ಹೊರಗೆ ಬೆಂಚಿನ ಮೇಲೆಯೇ ವಿಚಾರಿಸಿಕೊಂಡು ಬಂದಿದ್ದಳು ಕಾಣುತ್ತದೆ. ನಾನು ಪಾದಕ್ಕೆ ಕೈ ಹಾಕಿದ್ದೇ ತಡ, ಸೀರೆಯೊಳಗೆ ಕಾಲು ಎಳೆದುಕೊಂಡಳು.

"ಅಯ್ಯಯ್ಯ, ಬ್ಯಾಡ್ರೀ ಅಮ್ಮಾರ! ನಿಮ್ಮ ಅಪ್ಪನೋರ ಪಾದದ ನೀರ ಕುಡದ ಮನಿ ನಮ್ದು. ನೀವು ನನ್ನ ಕಾಲ ಹಿಡದ್ರ ನಂಗ ಪಾಪ ಹತ್ತತದ. ಲಕ್ವಾ ಇದ್ರ ಇರಲಿ ಬಿಡ್ರಿ."

"ಆಯೀ, ಕಾಲ ಹಿಡೀದ ಕಾಲ ಹ್ಯಾಂಗ ನೆಟ್ಟಗ ಮಾಡ್ಲಿ?" ಎಂದೆ.

ಮುದುಕಿ ನನ್ನ ಹೆಗಲ ಮೇಲಿದ್ದ ಟವೆಲ್ಲನ್ನು ಜಗ್ಗಿಕೊಂಡು ತನ್ನ ಪಾದದ ಮೇಲೆ ಹೊದಿಸಿ, ಅಂಚನ್ನು ಹಿಮ್ಮಡಿಯ ಕೆಳಗೆ ಸಿಕ್ಕಿಸಿದಳು.

"ಹಾಂ, ಈಗ ಹಿಡೀರಿ. ನೀವು ಹಿಡದಿದ್ದು ಅರಬೀನ, ನನ್ನ ಕಾಲಲ್ಲ."

ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಆದರೆ ಕೆಲಸ ಸಾಗಿತು. ಸುದ್ದಿ ಬಸ್ ಸ್ಟ್ಯಾಂಡ್ ದಾಟಿ ಹಳ್ಳಿ ಹಳ್ಳಿಗೆ ಹೋಯಿತು. ಕಾಲು ತೋರಿಸಲು ಬರುವವರು ಮನೆಯಿಂದಲೇ ಟವೆಲ್ಲು ತರತೊಡಗಿದರು. ಬರಬರುತ್ತ ಅದು ನನ್ನ ಕೈಗೇ ಅಂಟಿಕೊಂಡಿತು. ಲಿಂಗವಂತರಿರಲಿ, ಮರಾಠರಿರಲಿ, ಮುಸಲ್ಮಾನರಿರಲಿ, ಯಾರೇ ಬಂದು ಮಂಚದ ಮೇಲೆ ಮಲಗಿದರೂ ಮೊದಲು ಟವೆಲ್ಲು ಹೊದಿಸು, ಆಮೇಲೆ ಪಾದ ಹಿಡಿ. ಯಾಕೆ ಎಂದು ನಾನೂ ಕೇಳಿಕೊಳ್ಳಲಿಲ್ಲ, ಅವರೂ ಕೇಳಲಿಲ್ಲ.

ಹೀಗೆ ನಡೆಯುತ್ತಿರುವಾಗ ದವಾಖಾನೆಯವರು ನಮ್ಮ ವಿಭಾಗ ಮುಚ್ಚುವುದಾಗಿ ಹೇಳಿದರು. ಈ ವರ್ಷ ಮುಗಿಯಲಿ, ಮುಂದೆ ಬೇಡ ಎಂದರು. ಅದೇ ವಾರ ಗೆಳತಿಯೊಬ್ಬಳು ಫೋನಿಗೆ ಒಂದು ಜಾಹೀರಾತು ಕಳಿಸಿದಳು. ದೊಡ್ಡ ಶಹರದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಸೀನಿಯರ್ ಫಿಸಿಯೋಥೆರಪಿಸ್ಟ್ ಹುದ್ದೆಗಳು, ಕಾಯಂ. ಶಹರದ ಹೆಸರು ಬೇಡ, ಉದಗೀರದಲ್ಲಿ ರೈಲು ಹತ್ತುವ ನಮ್ಮ ಕಡೆಯವರು ಹೆಚ್ಚಾಗಿ ಎಲ್ಲಿ ಇಳಿಯುತ್ತಾರೋ ಆ ಶಹರ. ವಯಸ್ಸಿನ ಮಿತಿಯೊಳಗೆ ನಾನು ಹೇಗೋ ತೂರಿಕೊಂಡು ನಿಂತಿದ್ದೆ. ಇಂಥದ್ದೊಂದು ಜಾಹೀರಾತು ಮತ್ತೆ ಬರುವ ಹೊತ್ತಿಗೆ ನಾನು ಮಿತಿಯ ಆಚೆ. ಮದುವೆಯ ಮಾತು ನಮ್ಮ ಮನೆಯಲ್ಲಿ ಎಂದೋ ತಣ್ಣಗಾಗಿತ್ತು, ಅದರ ಬಗ್ಗೆ ನನಗೆ ದುಃಖವೂ ಇರಲಿಲ್ಲ. ಆದರೆ ಕೆಲಸವೂ ಹೋದರೆ ನಾನು ಯಾರು? ಅಯ್ಯನವರ ಮಗಳು, ಮನೆಯಲ್ಲಿ ಕೂತವಳು, ಅಷ್ಟೇ.

ಅರ್ಜಿ ತುಂಬುವುದೇ ಒಂದು ಯಮಯಾತನೆ. ಫೋಟೋ ದೊಡ್ಡದಾಯಿತು ಎಂದು ಕಂಪ್ಯೂಟರು ಒಮ್ಮೆ ಉಗುಳುತ್ತಿತ್ತು, ಸಣ್ಣದಾಯಿತು ಎಂದು ಇನ್ನೊಮ್ಮೆ. ಓಟಿಪಿ ಬರುವಷ್ಟರಲ್ಲಿ ಪುಟವೇ ಮಾಯ. ಅದರ ಮನೆ ಹಾಳಾಗ! ಉಮರ್ಗಾದ ಸೈಬರ್ ಅಂಗಡಿಯವನು "ಮ್ಯಾಡಂ, ನೀವು ಹಿಂದ ನಿಂತು ಉಸರ ಬಿಡಬ್ಯಾಡ್ರಿ, ನಂಗೂ ಕೈ ನಡಗಲತ್ತಾವ," ಎಂದ. ಹೊರಗೆ ಹೋಗಿ ನಿಂತೆ. ಅಂತೂ ಅರ್ಜಿ ಹೋಯಿತು. ಬರೆಯುವ ಪರೀಕ್ಷೆಯೂ ಆಗಿ, ಪ್ರಾತ್ಯಕ್ಷಿಕೆಗೆ ಬನ್ನಿ ಎಂಬ ಕರೆಯೂ ಬಂತು. ಸಂದರ್ಶಕರ ಮುಂದೆ ಒಬ್ಬ ನಿಜವಾದ ರೋಗಿಯನ್ನು ನೋಡಿ ತೋರಿಸಬೇಕು.

ಆ ದಿನಗಳಲ್ಲಿ ನನಗೆ ಅದೊಂದೇ ಚಿಂತೆ. ಏನು ಕೇಳುತ್ತಾರೋ, ಯಾವ ರೋಗಿಯನ್ನು ಕೊಡುತ್ತಾರೋ, ನನ್ನ ಮರಾಠಿಯಲ್ಲಿ ಕನ್ನಡ ಇಣುಕಿದರೆ ಏನೆಂದುಕೊಳ್ಳುತ್ತಾರೋ. ಸಂಜೆ ಮನೆಗೆ ಬಂದ ಕೂಡಲೇ ಅಪ್ಪನನ್ನು ಮಂಚದ ಮೇಲೆ ಮಲಗಿಸಿ ರೋಗಿ ಮಾಡುತ್ತಿದ್ದೆ. ಕೀಲು ತಿರುಗಿಸಿ ನೋಡುವುದು, ಬಲ ನೋಡುವುದು, ಸ್ಪರ್ಶ ಗೊತ್ತಾಗುತ್ತದೆಯೇ ಕೇಳುವುದು, ಎಲ್ಲವನ್ನೂ ಬಾಯಿಬಿಟ್ಟು ಮರಾಠಿಯಲ್ಲಿ ಹೇಳುತ್ತ ಮಾಡುತ್ತಿದ್ದೆ. ಅಪ್ಪ ಒಳ್ಳೆಯ ರೋಗಿಯಲ್ಲ. ಎಡಗಾಲು ಎತ್ತು ಎಂದರೆ ಬಲಗಾಲು ಎತ್ತುವುದು, ನೋವಿಲ್ಲದ ಕಡೆ ಹಾಯ್ ಎಂದು ಚೀರುವುದು.

"ಎಲ್ಲಾರಿಗೂ ಟವೆಲ್ ಹಾಕ್ತಿ, ನಂಗ್ಯಾಕ ಹಾಕಲಿಲ್ಲ?" ಎಂದರು ಒಂದು ಸಂಜೆ.

"ನಿಮ್ಮ ಪಾದ ನಾ ಮುಟ್ಟಿದ್ರ ಯಾರಿಗೂ ಪಾಪ ಹತ್ತಂಗಿಲ್ಲಲ್ಲ. ಸುಮ್ಮ ಮಲಗ್ರೀ ಅಪ್ಪಾ, ತಲಿ ತಿನ್ನಬ್ಯಾಡ್ರಿ."

ಹೊರಡುವ ದಿನ ಅವ್ವ ಹೊಸದೊಂದು ಬಿಳಿ ಟವೆಲ್ಲು ಒಗೆದು, ಇಸ್ತ್ರಿ ಮಾಡಿ, ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. "ಹಳೇದು ತುಗೊಂಡು ಹೋಗಬ್ಯಾಡ. ದೊಡ್ಡ ಮಂದಿ ನೋಡ್ತಾರ," ಎಂದಳು. ನಿಲಂಗಾ ದಾಟಿ ಉದಗೀರಕ್ಕೆ ಎಸ್ಟಿ ಬಸ್ಸಿನಲ್ಲಿ ಹೋಗಿ ರೈಲು ಹಿಡಿದೆ. ದಾರಿಯುದ್ದಕ್ಕೂ ನರಗಳ ಹೆಸರು ಬಾಯಿಪಾಠ ಮಾಡುತ್ತ ಹೋದೆ. ಎದುರಿಗೆ ಕೂತಿದ್ದ ಜಳಕೋಟದ ಹೆಂಗಸು ನಾನು ಜಪ ಮಾಡುತ್ತಿದ್ದೇನೆ ಎಂದುಕೊಂಡು ಕೈಮುಗಿದಳು.

ಶಹರದ ದವಾಖಾನೆಯ ಆ ಕೋಣೆಯಲ್ಲಿ ಸಂದರ್ಶಕರು ಮೂವರಿದ್ದರು. ನಡುವೆ ಕೂತಿದ್ದ ಹೆಂಗಸು ನರೆಗೂದಲಿನವರು; ಅಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಅವರನ್ನು ಬಾಯಿ ಎನ್ನುತ್ತೇನೆ. ನನ್ನ ಹಾಗೆ ಇದೇ ಕೆಲಸದಲ್ಲಿ ಆಯುಷ್ಯ ಕಳೆದವರೆಂದು ಅವರ ಬೆರಳಿನ ಗಂಟುಗಳನ್ನು ನೋಡಿದರೆ ತಿಳಿಯುತ್ತಿತ್ತು. ಅವರೇ ಮಾತಾಡಿದ್ದು, ಉಳಿದ ಇಬ್ಬರು ಬರೆದುಕೊಳ್ಳುತ್ತಿದ್ದರು. ಮಂಚದ ಮೇಲೆ ಒಬ್ಬ ವಯಸ್ಸಾದ ಮನುಷ್ಯ ಮಲಗಿದ್ದ. ಲಕ್ವಾದಿಂದ ಎಡಗಡೆ ಬಿದ್ದುಹೋಗಿದೆ, ಎಡ ಪಾದದಲ್ಲಿ ಸ್ಪರ್ಶ ತಿಳಿಯುವುದಿಲ್ಲ ಎಂದು ಬಾಯಿ ಹೇಳಿದರು. "ಪಾದದಿಂದ ಶುರು ಮಾಡಿ," ಎಂದರು.

ನನ್ನ ಕೈಗಳು ಹೆದರಿಕೆಯಿಂದ ಮಂಜುಗಡ್ಡೆಯಾಗಿದ್ದವು. ತಲೆ ಎಲ್ಲಿತ್ತೋ ಗೊತ್ತಿಲ್ಲ. ಕೈ ಮಾತ್ರ ತನಗೆ ಗೊತ್ತಿದ್ದ ಕೆಲಸ ತಾನು ಮಾಡಿತು. ಚೀಲ ತೆಗೆದೆ, ಇಸ್ತ್ರಿಯ ಟವೆಲ್ಲು ಝಾಡಿಸಿದೆ, ಆ ಮನುಷ್ಯನ ಪಾದದ ಮೇಲೆ ಹೊದಿಸಿ ಅಂಚನ್ನು ಹಿಮ್ಮಡಿಯ ಕೆಳಗೆ ಸಿಕ್ಕಿಸಿದೆ. ಟವೆಲ್ಲಿನ ಮೇಲಿಂದ ಪಾದ ಹಿಡಿದೆ.

ಬರೆದುಕೊಳ್ಳುತ್ತಿದ್ದವರ ಪೆನ್ನು ನಿಂತಿತು.

"ಕಿಳಸ ಯೇತೇ ಕಾ?" ಎಂದರು ಬಾಯಿ. ಹೇಸಿಗೆಯಾಗುತ್ತದೆಯೇ?

ನನಗೆ ಮೊದಲು ಅರ್ಥವೇ ಆಗಲಿಲ್ಲ. ಯಾವ ಹೇಸಿಗೆ? ಆಮೇಲೆ ನನ್ನ ಕೈಯ ಕೆಳಗಿನ ಬಿಳಿ ಬಟ್ಟೆ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಆ ಮನುಷ್ಯ ಬಲಗೈ ಚಾಚಿ, ಬಿದ್ದುಹೋದ ತನ್ನ ಎಡಗಾಲನ್ನು ಮೊಣಕಾಲಲ್ಲಿ ಹಿಡಿದು ಹಿಂದಕ್ಕೆ ಜಗ್ಗಿಕೊಳ್ಳತೊಡಗಿದ.

"ರಾಹೂ ದ್ಯಾ, ಬಾಯಿ," ಎಂದ. ಇರಲಿ ಬಿಡಿ ಎಂದು. ಸಿಟ್ಟಿನಿಂದಲ್ಲ, ನನ್ನನ್ನು ಕಷ್ಟದಿಂದ ಬಿಡಿಸುವವನ ಹಾಗೆ ಮೆಲ್ಲಗೆ ಅಂದ. ತಾನು ಇದೇ ಶಹರದ ಗಟಾರ ಬಳಿಯುತ್ತಿದ್ದವನು, ಆಯುಷ್ಯವೆಲ್ಲ ಅದರಲ್ಲೇ ನಿಂತ ಕಾಲು, ಯಾರಿಗಾದರೂ ಹೇಸಿಗೆ ಬರುವುದು ಸಹಜ ಎಂದ.

ಭೂಮಿ ಬಾಯಿಬಿಡಬಾರದೇ ಅನಿಸಿತು. ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಏನು ಹೇಳುವುದು? ನಾನು ಗುರುಗಳ ಮನೆಯವಳು, ನಮ್ಮ ಕಡೆ ಜನ ನನ್ನ ಕೈಗೆ ತಮ್ಮ ಕಾಲು ಕೊಡಲು ಹೆದರುತ್ತಾರೆ, ಅದಕ್ಕೆ ಈ ಟವೆಲ್ಲು ಎಂದೇ? ಅದನ್ನು ಈ ಮನುಷ್ಯನ ಎದುರಿಗೆ ನಿಂತು ಹೇಳುವುದೇ? ಸಮಜಾಯಿಷಿ ಕೊಡಹೋದರೆ ತಪ್ಪಿಗಿಂತ ಸಮಜಾಯಿಷಿಯೇ ಹೊಲಸು ವಾಸನೆ ಹೊಡೆಯುತ್ತಿತ್ತು. ನಮ್ಮ ಕಡೆ ಯಾವುದು ಮರ್ಯಾದೆಯೋ ಅದು ಇಲ್ಲಿ ಮುಖಕ್ಕೆ ಉಗುಳಿದ ಹಾಗೆ ಆಗಿತ್ತು. ನೌಕರಿ ಹೋಯಿತು ಎಂದು ಆ ಗಳಿಗೆಯಲ್ಲೇ ಲೆಕ್ಕ ಮುಗಿಸಿಬಿಟ್ಟೆ.

ಟವೆಲ್ಲನ್ನು ತೆಗೆದು ನೆಲದ ಮೇಲೆ ಎಸೆದೆ. "ಬಾಬಾ, ಪಾಯ ದ್ಯಾ," ಎಂದೆ, ಕಾಲು ಕೊಡಿ. ಅವನು ಕೊಡಲಿಲ್ಲ. "ದ್ಯಾ ಹೋ, ಬಾಬಾ," ಎಂದು ಮತ್ತೆ ಕೇಳಿದೆ. ನನ್ನ ದನಿ ಅಳುಬುರುಕಿಯ ದನಿಯ ಹಾಗೆ ಬಂತು, ನಾಚಿಕೆಯಾಯಿತು. ಅವನ ಕೈ ಮೆಲ್ಲಗೆ ಸಡಿಲವಾಯಿತು. ಹಿಮ್ಮಡಿಯನ್ನು ಬರಿ ಅಂಗೈಯಲ್ಲಿ ತೆಗೆದುಕೊಂಡೆ. ಒರಟು ಚರ್ಮ, ಅದರಲ್ಲಿ ಆಳವಾದ ಬಿರುಕುಗಳು. ಅಪ್ಪನ ಪಾದ ಬಿಟ್ಟರೆ ಇಷ್ಟು ವಯಸ್ಸಾದವರ ಬರಿ ಪಾದವನ್ನು ನಾನು ಹೀಗೆ ಹಿಡಿದು ಎಷ್ಟೋ ಕಾಲವಾಗಿತ್ತು.

ಆ ಮನುಷ್ಯ ಒಮ್ಮೆಲೇ ತಲೆಯೆತ್ತಿದ.

"ಹಾತ ಗಾರ ಆಹೇತ, ಬಾಯಿ."

ಕೈ ತಣ್ಣಗಿವೆ ಎಂದು. ನಾನು "ಹೌದು ಬಾಬಾ, ಹೆದರಿಕೆಯಾಗಿದೆ," ಎಂದುಬಿಟ್ಟೆ. ಆಡಿದ ಮೇಲೆ ಗೊತ್ತಾಯಿತು. ಸ್ಪರ್ಶವೇ ಇಲ್ಲ ಎಂದ ಪಾದಕ್ಕೆ ನನ್ನ ಕೈಯ ಥಂಡಿ ತಿಳಿದಿತ್ತು. ಬಾಯಿ ಕುರ್ಚಿ ಬಿಟ್ಟು ಎದ್ದು ಬಂದರು. ಅವನ ಕಣ್ಣು ಮುಚ್ಚಿಸಿ, ನನ್ನ ಕೈಯನ್ನು ಒಮ್ಮೆ ಇಡಲು, ಒಮ್ಮೆ ತೆಗೆಯಲು ಸನ್ನೆ ಮಾಡಿದರು. ಒಮ್ಮೆ ತಮ್ಮ ಕೈಯನ್ನೇ ಇಟ್ಟರು. ಇಟ್ಟಾಗಲೆಲ್ಲ ಅವನು ಹೂಂ ಅಂದ. ಅವರ ಕೈಗೆ ಮಾತ್ರ, "ಹೇ ಗರಮ," ಎಂದ, ಇದು ಬೆಚ್ಚಗಿದೆ ಎಂದು. ಅವನ ಮುಖದಲ್ಲಿ ಹಬ್ಬ. ಸತ್ತಿತು ಎಂದುಕೊಂಡಿದ್ದ ಕಾಲು ಮಾತಾಡಿತ್ತಲ್ಲ.

ಕಥೆ ಇಲ್ಲಿಗೇ ಚೆಂದವಾಗಿ ಮುಗಿದಿದ್ದರೆ ಬೇರೆ. ಆಮೇಲೆ ನಾನು ಮಾಡಿದ್ದೆಲ್ಲ ಗಡಿಬಿಡಿ. ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ, ಎಲ್ಲ ಕಲಸಿಹೋಯಿತು. ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳಲಾಗಲಿಲ್ಲ. ಹೊರಡುವಾಗ ಬಾಯಿ ನೆಲದ ಮೇಲಿನ ಟವೆಲ್ಲನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಇದು ಯಾಕೆ ಎಂದು ಹೇಳಲಿಲ್ಲ ನೀವು," ಎಂದರು. ನಾನು "ರೂಢಿ" ಎಂದಷ್ಟೇ ಹೇಳಿದೆ. ಅವರು ನನ್ನ ಮುಖವನ್ನು ನೋಡಿ, ಏನನ್ನೋ ಬರೆದುಕೊಂಡರು. ಏನು ಬರೆದರು ಎಂದು ಉದಗೀರದ ತನಕ ತಲೆ ಕೆಡಿಸಿಕೊಂಡೆ.

ಮನೆಯಲ್ಲಿ ಅವ್ವನಿಗೆ "ಛಲೋ ಆತು" ಎಂದು ಸುಳ್ಳು ಹೇಳಿದೆ. ಅವಳು ಇಸ್ತ್ರಿ ಮಾಡಿಕೊಟ್ಟ ಟವೆಲ್ಲಿನಿಂದ ಹೀಗಾಯಿತು ಎಂದು ಗೊತ್ತಾದರೆ ಊಟ ಬಿಡುತ್ತಿದ್ದಳು. ಅಪ್ಪನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ, ಗಟಾರದ ಮಾತನ್ನೂ. ಅವರು ನಗಲಿಲ್ಲ. ತಮ್ಮ ಪಾದಗಳನ್ನು ನೋಡುತ್ತ ಕೂತುಬಿಟ್ಟರು. ನನಗೆ ಅದು ಇನ್ನಷ್ಟು ದಿಗಿಲು ಹುಟ್ಟಿಸಿತು.

ಆಮೇಲಿನ ವಾರಗಳು ಸಾಕು ಸಾಕು ಮಾಡಿದವು. ಫೋನು ಗುಂಯ್ ಅಂದರೆ ಓಡಿಬರುತ್ತಿದ್ದೆ. ನೋಡಿದರೆ ಸೀರೆ ಸೇಲಿನ ಮೆಸೇಜು. ದವಾಖಾನೆಯಲ್ಲಿ ಯಂತ್ರಗಳನ್ನು ಒಂದೊಂದಾಗಿ ಗೋಣಿಚೀಲದಲ್ಲಿ ಕಟ್ಟಿಡುತ್ತಿದ್ದರು. ಆ ದಿನಗಳಲ್ಲೇ ಹಳೆಯ ಮುದುಕಿ ಬಂದಳು. ಈಗ ಕೋಲು ಹಿಡಿದು ತಾನೇ ನಡೆಯುತ್ತಾಳೆ, ಆಗಾಗ ತೋರಿಸಿಕೊಂಡು ಹೋಗುತ್ತಾಳೆ. ಮಂಚದ ಮೇಲೆ ಕೂತವಳೇ ರೂಢಿಯಂತೆ ತನ್ನ ಟವೆಲ್ಲು ಬಿಡಿಸಿದಳು.

"ಇವತ್ತ ಅರಬಿ ಬ್ಯಾಡ, ಆಯೀ," ಎಂದೆ.

"ಅಯ್ಯ ನನ್ನವ್ವ! ಪಾಪ..."

"ಪಾಪ ಇದ್ರ ನಂಗಿರಲಿ!" ಎಂದು ಗದರಿಬಿಟ್ಟೆ. ಅವಳ ಮೇಲಿನ ಸಿಟ್ಟಲ್ಲ ಅದು, ಬಾರದ ಫೋನಿನ ಮೇಲಿನ ಸಿಟ್ಟು. ಮುದುಕಿ ಬೆರಗಾಗಿ ಕಾಲು ಚಾಚಿದಳು. ಬರಿ ಕೈಯಲ್ಲಿ ಹಿಡಿದೆ. ಅವಳು ಕಣ್ಣು ಮುಚ್ಚಿಕೊಂಡು ಶಿವ ಶಿವ ಎನ್ನುತ್ತ ಕೂತಳು. ಕೆಲಸ ಮುಗಿದ ಮೇಲೆ ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ಬಗ್ಗಿದರೆ ಬೀಳುತ್ತಾಳೆ ಎಂದು ಭುಜ ಹಿಡಿದೆ. "ಭಾಳ ಬೆಚ್ಚಗಾವ ನಿಮ್ಮ ಕೈ," ಎಂದಳು. "ಇಷ್ಟ ದಿನ ಗೊತ್ತೇ ಆಗಿದ್ದಿಲ್ಲ ನೋಡ್ರಿ."

ನನಗೆ ಅಳು ಬಂತು. ಮುಖ ತೊಳೆಯುವ ನೆವದಲ್ಲಿ ಒಳಗೆ ಹೋಗಿ ಅತ್ತೆ.

ಆಯ್ಕೆಯಾದವರ ಯಾದಿ ಬಂದದ್ದು ನಿಲಂಗಾದಿಂದ ಮನೆಗೆ ಬರುವ ಎಸ್ಟಿಯಲ್ಲಿ ನಿಂತಿದ್ದಾಗ. ಒಂದು ಕೈಯಲ್ಲಿ ಸರಳು, ಒಂದು ಕೈಯಲ್ಲಿ ಫೋನು. ಮೇಲಿನ ಹೆಸರುಗಳಲ್ಲಿ ನನ್ನದಿರಲಿಲ್ಲ. ಕೆಳಗೆ ಜಾರಿಸುತ್ತ ಹೋದೆ. ಎಲ್ಲಕ್ಕಿಂತ ಕೊನೆಗೆ ಇತ್ತು. ಹೌದು, ನನ್ನದೇ. ಪಕ್ಕದಲ್ಲಿದ್ದವರಿಗೆ ತೋರಿಸಿ ಓದಿಸಿದೆ, ನನ್ನ ಕಣ್ಣಿನ ಮೇಲೆ ನನಗೆ ಭರವಸೆ ಇರಲಿಲ್ಲ. ಅವರು "ಪೇಢೆ ಪಾಹಿಜೇತ," ಎಂದರು, ಪೇಢೆ ಕೊಡಿಸಬೇಕು ಎಂದು. ಖುಷಿ ಆಮೇಲೆ ಬಂತು. ಮೊದಲು ಬಂದದ್ದು ಹೊಸ ಹೆದರಿಕೆ. ಅಷ್ಟು ದೊಡ್ಡ ಶಹರ, ಅಲ್ಲಿ ನನ್ನ ಕೈಯನ್ನು ಯಾರು ನಂಬುತ್ತಾರೆ?

ಹೊರಡುವ ದಿನ ಬೆಳಿಗ್ಗೆ ಅವ್ವ ಮತ್ತೆ ಅದೇ ಬಿಳಿ ಟವೆಲ್ಲನ್ನು ಒಗೆದು, ಇಸ್ತ್ರಿ ಮಾಡಿ, ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು. ಅಪ್ಪ ಅಂದು ಯೆಣೆಗೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಅಲ್ಲಿಯ ಮಂದಿ ಇವರ ಕಾಲು ತೊಳೆಯಲು ತಾಟು ಹಿಡಿದು ಕಾಯುತ್ತಿದ್ದಿರಬೇಕು. ಇವರು ಇಲ್ಲಿ ನನ್ನ ಚೀಲದ ಹತ್ತಿರ ಬಂದು, ಟವೆಲ್ಲನ್ನು ತೆಗೆದು ತಮ್ಮ ಹೆಗಲ ಮೇಲೆ ಹಾಕಿಕೊಂಡರು.

"ಇದು ನಂಗಿರಲಿ," ಎಂದರು.

ಅವ್ವ "ಅಯ್ಯ, ಅದು ಆಕಿದು!" ಎಂದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ. ನಾನು ನಮಸ್ಕಾರಕ್ಕೆ ಬಗ್ಗಿ ಅವರ ಎರಡೂ ಪಾದ ಹಿಡಿದೆ. ಮೇಲಿಂದ ಅವರ ದನಿ ಬಂತು, ಎಂದಿನ ಚೇಷ್ಟೆ ಅದರಲ್ಲಿ ಇರಲಿಲ್ಲ.

"ಅಲ್ಲಿ ಯಾರರ ನೀ ಯಾರ ಮಗಳು ಅಂತ ಕೇಳಿದ್ರ, ನನ್ನ ಹೆಸರ ಹೇಳಬ್ಯಾಡವ್ವಾ. ಹೇಳಿದ್ರ ಮಂದಿ ಕಾಲ ಹಿಂದ ಜಗ್ಗಕೋತಾರ."

ನಾನು ಪಾದ ಬಿಟ್ಟು ಏಳಲಿಲ್ಲ. ಬಸ್ಸಿನ ಹೊತ್ತಾಗುತ್ತದೆ ಎಂದು ಅವ್ವ ಹೊರಗಿನಿಂದ ಕೂಗುತ್ತಲೇ ಇದ್ದಳು.